ಮುರಿಯಬೇಕಾಗಿದ್ದ ಪಿನ್ನು

ಒಂಬತ್ತನೆಯ ಕಂತು

"ಅದನ್ನ ಮುಟ್ಟಬೇಡಿ ಅಕ್ಕ. ಎರಡು ಗಂಟೆಗೆ ಇನ್ಶೂರೆನ್ಸ್ ಇನ್‌ಸ್ಪೆಕ್ಟರ್ ಬರ್ತಾರೆ. ಅಲ್ಲೀವರೆಗೂ ಹೇಗಿದೆಯೋ ಹಾಗೇ ಇರಬೇಕು ಅಂತ ಪೊಲೀಸ್ ಹೇಳಿದಾರೆ."

ಶೆಡ್ಡಿನ ಬಾಗಿಲಲ್ಲಿ ಸಂಯುಕ್ತಾ ನಿಂತಿದ್ದಳು. ಅಪ್ಪನ ಹಳೆಯ ಜಾಕೆಟ್ಟು, ಮಂಡಿವರೆಗಿನ ಬೂಟು, ಎರಡು ದಿನದಿಂದ ಬಾಚದ ಕೂದಲು. ಇಷ್ಟಾದರೂ ನೋಡಲು ಚೆನ್ನಾಗಿಯೇ ಇದ್ದಳು ಎಂಬುದು ನೀರಜಾಳ ಹೊಟ್ಟೆ ಉರಿಸಿದ ಮೊದಲ ಸಂಗತಿ. ಎರಡನೆಯದು ಆ 'ಅಕ್ಕ'. ಐದು ವರ್ಷದ ಅಂತರಕ್ಕೆ ನೀರಜಾ ಅಕ್ಕನಾದಳು. ನೀರಜಾಳಿಗಿಂತಲೂ ಎರಡು ವರ್ಷ ದೊಡ್ಡವನಾದ ಅವಳ ಗಂಡ ಮಾತ್ರ ಇವಳಿಗೆ ಬರೀ ಅನೀಶ್. ಅಣ್ಣ ಎಂಬ ಪದ ಇವಳ ಬಾಯಿಂದ ಅಪ್ಪಿತಪ್ಪಿಯೂ ಬಂದದ್ದಿಲ್ಲ.

"ಮುಟ್ಟೋದಿಲ್ಲ. ನೋಡ್ತೀನಿ ಅಷ್ಟೇ," ಎಂದು ನೀರಜಾ ಮಂಡಿಯೂರಿ ಟಾರ್ಚ್ ಹಾಕಿದಳು.

ಶುಕ್ರವಾರ ಬೆಳಿಗ್ಗೆ ಹಿಮ ತೆಗೆಯುವ ಇದೇ ಸ್ನೋ ಬ್ಲೋವರಿನ ಶಾಫ್ಟು ಮುರಿದು ಸಂಯುಕ್ತಾಳ ಅಪ್ಪ ಡಾಕ್ಟರ್ ರಾಮಮೂರ್ತಿಯವರ ತಲೆಗೆ ಬಡಿದಿತ್ತು. ಶನಿವಾರ ಸಂಜೆ ಅನೀಶ್ ತಾನಾಗಿಯೇ ಪೊಲೀಸರ ಬಳಿ ಹೋಗಿ, ಅದರಲ್ಲಿ ತಪ್ಪು ಬೋಲ್ಟು ಹಾಕಿದ್ದು ನಾನೇ ಎಂದು ಹೇಳಿ ಸಹಿ ಮಾಡಿ ಬಂದಿದ್ದ.

ಅದು ಸುಳ್ಳು. ಹದಿನಾಲ್ಕು ವರ್ಷ ಸಂಸಾರ ಮಾಡಿದವಳಿಗೆ ಅಷ್ಟು ತಿಳಿಯದೇ ಇರುತ್ತದೆಯೇ? ಅನೀಶ್ ಗೇರ್‌ಬಾಕ್ಸ್ ಕಂಪನಿಯಲ್ಲಿ ಡಿಸೈನ್ ಎಂಜಿನಿಯರ್. ಊಟದ ಮೇಜಿನ ಸ್ಕ್ರೂ ಬಿಗಿಯಲು ಕೂಡ ಪುಸ್ತಕ ತೆರೆದು ನೋಡುವ ಜಾತಿ. ಅವನು ಒಂದು ಬೋಲ್ಟಿನ ತಲೆ ನೋಡದೆ ಅದನ್ನು ತೂತಿಗೆ ಹಾಕಿದ ಎಂದರೆ ನಂಬುವವರು ಪೊಲೀಸರು ಮಾತ್ರ.

ನಂಬಿದ್ದರು ಕೂಡ. ಆ ಹೇಳಿಕೆ ಹಾಗೇ ಉಳಿದರೆ ಅನೀಶ್ ಕೆಲಸ ಕಳೆದುಕೊಳ್ಳುತ್ತಾನೆ. ಡಾಕ್ಟರು ಕಣ್ಣು ಬಿಡದೇ ಹೋದರೆ ಕಟಕಟೆ ಹತ್ತುತ್ತಾನೆ. ಎರಡು ಗಂಟೆಗೆ ಇನ್‌ಸ್ಪೆಕ್ಟರ್ ಬಂದು ಬೋಲ್ಟನ್ನು ಚೀಲಕ್ಕೆ ಹಾಕಿಕೊಂಡು ಹೋದಮೇಲೆ ಯಾರ ಮಾತೂ ನಡೆಯುವುದಿಲ್ಲ. ಈಗ ಹನ್ನೆರಡಕ್ಕೆ ಹತ್ತು ನಿಮಿಷ.

ಯಾರನ್ನು ಉಳಿಸಲು ಅವನು ಈ ಸುಳ್ಳು ಹೇಳಿದ? ನೀರಜಾ ಆ ಪ್ರಶ್ನೆಯ ಉತ್ತರವನ್ನು ಮೊದಲೇ ಬರೆದು ಜೇಬಿನಲ್ಲಿಟ್ಟುಕೊಂಡೇ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಊರಿನ ಮೇಲಿನ ಈ ಗುಡ್ಡ ಹತ್ತಿದ್ದಳು. ಈಗ ಬೇಕಾಗಿದ್ದದ್ದು ಸಾಕ್ಷಿ ಮಾತ್ರ.

ಹತ್ತಿದ್ದೂ ನಡೆದುಕೊಂಡೇ. ಮಾರ್ಚ್ ತಿಂಗಳು ಬಂದರೂ ಈ ವರ್ಷದ ಹಿಮ ಮಾತು ಕೇಳಿರಲಿಲ್ಲ. ದೊಡ್ಡ ರಸ್ತೆಯಲ್ಲಿ ಕಾರು ಬಿಟ್ಟು, ಡಾಕ್ಟರ ಮನೆಯ ಮುಕ್ಕಾಲು ಮೈಲಿ ಲೇನಿನಲ್ಲಿ ನಿನ್ನೆ ರಾತ್ರಿ ಮತ್ತೆ ಬಿದ್ದ ತೊಡೆಯವರೆಗಿನ ಹಿಮ ತುಳಿದುಕೊಂಡು ಬಂದಿದ್ದಳು. ತಿರುವಿನಲ್ಲಿ ಬೂಟು ಜಾರಿ ಬಿದ್ದೂ ಇದ್ದಳು. ಅಲ್ಲಿ ಬೇಲಿಗೋಡೆ ಕುಸಿದು, ಕೊಬ್ಬರಿ ಮೂಟೆಯಷ್ಟು ದೊಡ್ಡ ಕಲ್ಲುಗಳು ಹಿಮದಡಿಯಲ್ಲಿ ಕಾಣದಂತೆ ಮಲಗಿದ್ದವು. ಮೊದಲೇ ನೋವಿದ್ದ ಮಂಡಿ ಈಗ ಇನ್ನಷ್ಟು ನೋಯುತ್ತಿತ್ತು.

ದೂರದ ಕೆಳಗಿನಿಂದ ಒಂದು ಗುರುಗುರು ಸದ್ದು ಕೇಳಿಸಿತು.

ಸಂಯುಕ್ತಾಳ ಮುಖ ಅರಳಿತು. "ಅನೀಶ್ ಶುರು ಮಾಡಿದ್ರು ಅನ್ಸುತ್ತೆ. ಇನ್‌ಸ್ಪೆಕ್ಟರ್ ಕಾರು ಮೇಲೆ ಬರಬೇಕಲ್ಲ, ಉಮೇಶ್ ಅಂಕಲ್ ಹತ್ರ ಬ್ಲೋವರ್ ತಗೊಂಡು ಲೇನ್ ಕ್ಲಿಯರ್ ಮಾಡ್ತೀನಿ ಅಂದಿದ್ರು."

ಗೊತ್ತಿತ್ತು. ಬೆಳಿಗ್ಗೆ ಕಾಫಿ ಕುಡಿಯುವಾಗ ಅವನು ಅದನ್ನೇ ಹೇಳಿದ್ದ. ಕೆಳಗಿನ ಊರಿನ ಉಮೇಶ ಮತ್ತು ಡಾಕ್ಟರು ಒಂದೇ ಹರಾಜಿನಲ್ಲಿ ಒಂದೇ ತರಹದ ಎರಡು ಬ್ಲೋವರ್ ಕೊಂಡವರು. ಆದರೆ ನೀರಜಾಳ ಕಿವಿಗೆ ಬಿದ್ದದ್ದು ಕೊನೆಯ ವಾಕ್ಯ ಮಾತ್ರ. "ಪಾಪ, ಸಂಯುಕ್ತಾ ಒಬ್ಬಳೇ ಇದ್ದಾಳೆ ಮೇಲೆ." ಡಾಕ್ಟರ ಹೆಂಡತಿ ಲೀಲಾವತಿ ಶುಕ್ರವಾರದಿಂದ ಆಸ್ಪತ್ರೆಯ ಕುರ್ಚಿ ಬಿಟ್ಟಿರಲಿಲ್ಲ. ಆ ಪಾಪ ಯಾಕೆ ಲೀಲಾವತಿ ಆಂಟಿಗೆ ಸಲ್ಲಲಿಲ್ಲ? ಗುಡ್ಡ ಹತ್ತುವಾಗ ಅನೀಶ್ ಎರಡು ಸಲ ಫೋನ್ ಮಾಡಿದ. ಅವಳು ಎರಡು ಸಲವೂ ಕತ್ತರಿಸಿ, ಮೂರನೆಯದು ಬರುವ ಮೊದಲೇ ಫೋನನ್ನು ಆರಿಸಿದ್ದಳು.

ತಮ್ಮ ಮನೆಯ ಅಡುಗೆಮನೆಯ ನಲ್ಲಿ ನವೆಂಬರಿನಿಂದ ತೊಟ್ಟಿಕ್ಕುತ್ತಿದೆ. ಅದಕ್ಕೆ ಅವನಿಗೆ ಪುರುಸೊತ್ತಿಲ್ಲ. ಇವಳ ಗೇಟಿನವರೆಗೆ ಮುಕ್ಕಾಲು ಮೈಲಿ ಹಿಮ ತೆಗೆಯಲು ಇದೆ.

ಟಾರ್ಚಿನ ಬೆಳಕನ್ನು ಅವಳು ಮತ್ತೆ ಯಂತ್ರದ ಮೇಲೆ ತಂದಳು.

ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಸ್ನೋ ಬ್ಲೋವರಿಗೆ ಅಗಲವಾದ ಒಂದು ಬಾಯಿ, ಬಾಯೊಳಗೆ ಹಿಮ ಎಳೆದುಕೊಳ್ಳುವ ತಿರುಪು, ಮೇಲೆ ಹಿಮ ಚಿಮ್ಮುವ ಕೊಳವೆ. ಟ್ರ್ಯಾಕ್ಟರಿನ ಬಲ ಅದಕ್ಕೆ ಹೋಗುವುದು ಶಾಫ್ಟು ಎಂಬ ತಿರುಗುವ ಉಕ್ಕಿನ ದಂಡದ ಮೂಲಕ. ಆ ಶಾಫ್ಟು ಯಂತ್ರಕ್ಕೆ ಸೇರುವ ಕಡೆ ಬೆರಳುದ್ದದ ಒಂದು ಪಿನ್ನಿರುತ್ತದೆ. ನೋಡಲು ಸಾದಾ ಬೋಲ್ಟೇ. ಬಾಯಿಗೆ ಕಲ್ಲು ಸಿಕ್ಕಿ ತಿರುಪು ಕಚ್ಚಿಕೊಂಡರೆ ಆ ಪಿನ್ನು ಟಕ್ಕೆಂದು ತುಂಡಾಗಬೇಕು. ಆಗ ಶಾಫ್ಟು ಬರಿದೇ ತಿರುಗುತ್ತದೆ, ಮಿಕ್ಕಿದ್ದೆಲ್ಲ ಉಳಿಯುತ್ತದೆ. ಎಂಜಿನ್ ಆರಿಸಿ, ಇಳಿದು, ತುಂಡುಗಳನ್ನು ತಟ್ಟಿ ತೆಗೆದು, ತೂತಿಗೆ ತೂತು ಕೂಡಿಸಿ ಹೊಸ ಪಿನ್ನು ಹಾಕಿ ನಟ್ಟು ಬಿಗಿದರೆ ಮುಗಿಯಿತು. ಮುರಿಯುವುದೇ ಅದರ ಉದ್ಯೋಗ. ಅದಕ್ಕೇ ಈ ಯಂತ್ರಕ್ಕೆ ತಲೆಯ ಮೇಲೆ 8.8 ಎಂದು ಒತ್ತಿರುವ, ಸ್ವಲ್ಪ ಮೆತ್ತಗಿನ ಉಕ್ಕಿನ ಪಿನ್ನೇ ಆಗಬೇಕು.

ಇಲ್ಲಿ ಸಿಕ್ಕಿಕೊಂಡಿದ್ದದ್ದರ ತಲೆಯ ಮೇಲೆ 10.9 ಎಂದಿತ್ತು. ದಪ್ಪ ಅದೇ, ಉದ್ದ ಅದೇ, ಗಟ್ಟಿ ಮಾತ್ರ ಹೆಚ್ಚು. ಕಲ್ಲು ಸಿಕ್ಕಿದಾಗ ಅದು ಮುರಿಯಲಿಲ್ಲ, ಬದಲಿಗೆ ಶಾಫ್ಟೇ ಮುರಿಯಿತು. ಬ್ಲೋವರ್ ಹಿಂದಿರುವುದರಿಂದ ಟ್ರ್ಯಾಕ್ಟರನ್ನು ಹಿಮ್ಮುಖವಾಗಿ ಓಡಿಸಬೇಕು, ಓಡಿಸುವವನು ಕುತ್ತಿಗೆ ತಿರುಗಿಸಿ ಹಿಂದಿನ ಗಾಜಿನಲ್ಲೇ ನೋಡುತ್ತಿರಬೇಕು. ಶಾಫ್ಟಿನ ತುಂಡು ಆ ಗಾಜನ್ನೊಡೆದು ಬಂದಾಗ ಡಾಕ್ಟರ ಮುಖ ಅಲ್ಲೇ ಇತ್ತು.

ನೀರಜಾ ಲೀಡ್ಸಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಮುರಿದ ಕಬ್ಬಿಣ ಯಾಕೆ ಮುರಿಯಿತೆಂದು ಹೇಳಿದರೆ ಅವಳಿಗೆ ಸಂಬಳ. ಮುರಿಯದ ಕಬ್ಬಿಣವನ್ನು ವಿಚಾರಿಸಿಕೊಳ್ಳುತ್ತಿರುವುದು ಇದೇ ಮೊದಲು.

"ಸಂಯುಕ್ತಾ, ಜನವರಿ ಹದಿನೇಳಕ್ಕೆ ನಮ್ಮ ಕನ್ನಡ ಗ್ರೂಪಲ್ಲಿ ನೀನೊಂದು ಮೆಸೇಜ್ ಹಾಕಿದ್ದೆ. ನೆನಪಿದೆಯಾ?"

"ಯಾವುದು?"

"'ಈ ಪಿನ್ ವಾರಕ್ಕೆರಡು ಮುರೀತಾ ಇದೆ, ಅಪ್ಪನಿಗೆ ಚಳೀಲಿ ಇಳಿದು ಹಾಕೋಕಾಗಲ್ಲ, ಗಟ್ಟಿಯಾದ್ದೊಂದು ಹಾಕಿಬಿಟ್ರೆ ಏನು ತೊಂದರೆ?' ಅಂತ."

"ಹೌದು, ಕೇಳಿದ್ದೆ. ಅನೀಶ್ ಕೂಡಲೇ ಬೇಡ ಅಂದ್ರು. ಯಾಕೆ ಬೇಡ ಅಂತ ಬಿಡಿಸಿ ಬರೆದಿದ್ರು."

ಬರೆದಿದ್ದ. ಮೂರು ಪ್ಯಾರಾ. ಒಂದು ಚಿತ್ರ ಬೇರೆ. "ಪಿನ್ ಮುರಿದರೆ ಅಂಕಲ್ ಉಳೀತಾರೆ" ಎಂಬುದು ಕೊನೆಯ ಸಾಲು. ಹೆಂಡತಿಗೆ ಅವನು ಕಳಿಸುವ ಮೆಸೇಜು ಸಾಮಾನ್ಯವಾಗಿ "ಹಾಲು?" ಎಂದಿರುತ್ತದೆ. ನೀರಜಾ ಆ ಮೂರು ಪ್ಯಾರಾಗಳನ್ನು ಎಷ್ಟು ಸಲ ಓದಿದ್ದಳೆಂದರೆ ಅಲ್ಪವಿರಾಮಗಳೂ ಬಾಯಿಗೆ ಬರುತ್ತಿದ್ದವು.

"ಅಷ್ಟು ಬಿಡಿಸಿ ಬರೆದವನು ಆರು ವಾರದಲ್ಲಿ ತಾನೇ ಗಟ್ಟಿ ಬೋಲ್ಟ್ ಹಾಕ್ತಾನಾ?"

ಸಂಯುಕ್ತಾ ಜಾಕೆಟ್ಟಿನ ಜೇಬಿಗೆ ಕೈ ಹಾಕಿ ನೆಲ ನೋಡಿದಳು.

ನೀರಜಾ ಎದ್ದು ಗೋಡೆಯ ಮೊಳೆಗೆ ತೂಗುಬಿಟ್ಟಿದ್ದ ನೋಟುಬುಕ್ಕನ್ನು ಇಳಿಸಿದಳು. ಡಾಕ್ಟರ್ ರಾಮಮೂರ್ತಿ ಇಪ್ಪತ್ತಾರು ವರ್ಷ ಊರಿನ ಕುಟುಂಬವೈದ್ಯರಾಗಿದ್ದವರು. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರದೆ ಟ್ರ್ಯಾಕ್ಟರಿನದೊಂದು ಕೇಸ್ ಶೀಟ್ ಇಟ್ಟಿದ್ದರು. ಮೊದಲ ಪುಟದಲ್ಲಿ 'ರೋಗಿ: ಕೆಂಪು ಟ್ರ್ಯಾಕ್ಟರ್, ವಯಸ್ಸು: ಇಪ್ಪತ್ತೆರಡು' ಎಂದಿತ್ತು. ಪೊಲೀಸರು ಅದನ್ನೂ ಮಗುಚಿ ನೋಡಿದ್ದರಂತೆ. ಕನ್ನಡದಲ್ಲಿದ್ದದ್ದರಿಂದ ಮೊಳೆಗೇ ವಾಪಸು ಹಾಕಿ ಹೋಗಿದ್ದರು.

ಕೊನೆಯ ಬರಹವನ್ನು ನೀರಜಾ ಗಟ್ಟಿಯಾಗಿ ಓದಿದಳು. "'ಶುಕ್ರವಾರ, 8.10. ಗೇಟಿನ ಹತ್ತಿರ ಕಲ್ಲು ಸಿಕ್ಕಿತು. ಪಿನ್ ತುಂಡು. ಡಬ್ಬಿಯಿಂದ ಹೊಸದು ತೆಗೆದು ಹಾಕಿದೆ. ಡಾಕ್ಟರ ಕೈ ಮರಗಟ್ಟಿದೆ, ರೋಗಿ ಕ್ಷೇಮ.'"

ಸಂಯುಕ್ತಾ ಮುಖ ಆ ಕಡೆ ತಿರುಗಿಸಿದಳು. ಆ ಸಾಲು ಬರೆದ ಅರ್ಧ ಗಂಟೆಯಲ್ಲಿ ರೋಗಿ ಡಾಕ್ಟರನ್ನು ಕೆಡವಿತ್ತು.

ನೀರಜಾ ನೋಟುಬುಕ್ಕನ್ನು ಮೊಳೆಗೆ ವಾಪಸು ಹಾಕಿದಳು. ರಾಮಮೂರ್ತಿ ಅವಳಿಗೆ ಈ ದೇಶದಲ್ಲಿ ಮೊದಲ ಸಲ ಮೊಸರನ್ನ ಹಾಕಿದವರು. ಆದರೂ ಬಿಡಲಿಲ್ಲ. "ಬೋಲ್ಟ್ ಹಾಕಿದ್ದು ಅಂಕಲ್ಲೇ. ಶುಕ್ರವಾರ ಎಂಟೂ ಹತ್ತಕ್ಕೆ ಅನೀಶ್ ನಮ್ಮ ಮನೇಲಿ ದೋಸೆ ಸೀಯಿಸ್ತಾ ಇದ್ದ. ಅಲ್ಲಿಗೆ ಅವನು ಹೇಳಿದ್ದು ಸುಳ್ಳು. ಇನ್ನು ಡಬ್ಬಿ."

ಬಾಗಿಲ ಪಕ್ಕದ ಹಲಗೆಯ ಮೇಲೆ ಎರಡು ಡಬ್ಬಿಗಳಿದ್ದವು. ಒಂದು ನಿಪ್ಪಟ್ಟಿನ ಹಳೆಯ ಡಬ್ಬಿ. ಅದರ ಮೇಲೆ ಅನೀಶನ ದುಂಡಗಿನ ಅಕ್ಷರದಲ್ಲಿ 'ಬ್ಲೋವರ್ ಪಿನ್, 8.8 ಮಾತ್ರ' ಎಂದಿತ್ತು. ಇನ್ನೊಂದು ನೀಲಿ ಡಬ್ಬಿ. ಅದರ ಮೇಲೆ 'ಟ್ರ್ಯಾಕ್ಟರ್ ಕೊಂಡಿ, 10.9' ಎಂದಿತ್ತು.

ನೀರಜಾ ನೀಲಿ ಡಬ್ಬಿಯನ್ನು ಅಲುಗಿಸಿದಳು. ಶಬ್ದವಿಲ್ಲ. ಮುಚ್ಚಳ ತೆಗೆದರೆ ಒಳಗೆ ಧೂಳು.

"ಇದರಲ್ಲಿ ಎಷ್ಟಿದ್ವು?"

"ನಾಲ್ಕು. ಅನೀಶೇ ತಂದಿಟ್ಟಿದ್ದು. ಯಾವತ್ತೂ ಬೇಕಾಗಿಲ್ಲ."

"ಬೇಕಾಗದೇ ಇದ್ದ ಬೋಲ್ಟ್ ಈ ಡಬ್ಬಿಯಿಂದ ಎದ್ದು ಆ ಡಬ್ಬಿಗೆ ನಡ್ಕೊಂಡು ಹೋಯ್ತಾ?"

ಈಗ ಮಾತು ನೆಟ್ಟಗೆ ಹೋಗುತ್ತಿತ್ತು. ನೀರಜಾಳಿಗೆ ಒಳಗೊಳಗೇ ಒಂದು ತರಹದ ಸುಖವಾಯಿತು. ಒಪ್ಪಿಕೊಳ್ಳಲು ನಾಚಿಕೆಯಾಗುವ ಸುಖ ಅದು. ಆಸ್ಪತ್ರೆಯಲ್ಲಿ ಒಬ್ಬ ಒಳ್ಳೆಯ ಮನುಷ್ಯ ಜೀವ ಹಿಡಿದುಕೊಂಡು ಮಲಗಿದ್ದಾರೆ, ಇಲ್ಲಿ ತಾನು ಅವರ ಮಗಳನ್ನು ಮೂಲೆಗೆ ಒತ್ತುತ್ತ ಖುಷಿಪಡುತ್ತಿದ್ದೇನೆ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಖುಷಿ ಕಡಿಮೆಯಾಗಲಿಲ್ಲ.

ಕೈಚೀಲದಿಂದ ಹತ್ತಿ ಸುತ್ತಿದ ಕಡ್ಡಿಯೊಂದನ್ನು ತೆಗೆದು ಮತ್ತೆ ಮಂಡಿಯೂರಿದಳು. 10.9 ಎಂಬ ಅಂಕಿಗಳ ಸಂದಿಯಲ್ಲಿ ಕೆಂಪಗೆ ಏನೋ ಕೂತಿತ್ತು. ಪೊಲೀಸರು ತುಕ್ಕು ಎಂದುಕೊಂಡಿರಬೇಕು. ಹತ್ತಿಯ ತುದಿಯಿಂದ ಮೆಲ್ಲಗೆ ಉಜ್ಜಿದಳು. ತುಕ್ಕು ಹೀಗೆ ಬರುವುದಿಲ್ಲ. ಹತ್ತಿಯ ಮೇಲೆ ನಮ್ಮ ಹೆಂಗಸರು ಯಾರು ನೋಡಿದರೂ ಗುರುತು ಹಿಡಿಯುವ ಬಣ್ಣ ಬಂತು.

"ಕುಂಕುಮ," ಎಂದಳು. "ಇದು ಅಂಗಡಿಯಿಂದ ಈಚೆಗೆ ಬಂದ ಬೋಲ್ಟ್ ಅಲ್ಲ. ಆಯುಧಪೂಜೆಗೆ ಮುಂಚಿನಿಂದ ಈ ಶೆಡ್ಡಲ್ಲೇ ಇದ್ದದ್ದು. ನೀಲಿ ಡಬ್ಬೀದು. ಪೂಜೆ ಆದಮೇಲೆ ಯಾರೋ ಇದನ್ನ ಪಿನ್ ಡಬ್ಬಿಗೆ ಹಾಕಿದಾರೆ. ಅಂಕಲ್ ಹಾಕಲ್ಲ, ಕೇಸ್ ಶೀಟ್ ಬರೆಯೋ ಮನುಷ್ಯ. ಲೀಲಾವತಿ ಆಂಟಿ ಈ ಶೆಡ್ಡಿಗೆ ಕಾಲೇ ಇಡಲ್ಲ. ಪಿನ್ ಮುರಿಯುತ್ತೆ ಅಂತ ಬೇಜಾರಾಗಿದ್ದು ಒಬ್ಬಳಿಗೇ."

"ಅಂದ್ರೆ ನಾನು ನಮ್ಮಪ್ಪನ ತಲೆ ಒಡೆದೆ ಅಂತ."

"ಬೇಕೂಂತ ಅಂತ ನಾನು ಹೇಳ್ತಾ ಇಲ್ಲ. ಅಪ್ಪನಿಗೆ ಅನುಕೂಲ ಆಗಲಿ ಅಂತ ಹಾಕಿದೀಯ. ಈಗ ಹೇಳೋಕೆ ಧೈರ್ಯ ಇಲ್ಲ. ಪಾಪ ಅಂತ ಅನೀಶ್ ತನ್ನ ಮೇಲೆ ಎಳ್ಕೊಂಡ. ನನ್ನ ಗಂಡನಿಗೆ ನಿನ್ನ ಮೇಲೆ ಇರೋ ಪಾಪಕ್ಕೆ ಒಂದು ಮಿತಿ ಬೇಡವಾ ಸಂಯುಕ್ತಾ?"

ಅಂತೂ ಹೇಳಿಯಾಯಿತು. ಮೂರು ಚಳಿಗಾಲ ನುಂಗಿಕೊಂಡಿದ್ದ ಮಾತು ಒಂದೇ ಉಸಿರಿಗೆ ಹೊರಬಂದು ಶೆಡ್ಡಿನ ತಣ್ಣನೆ ಗಾಳಿಯಲ್ಲಿ ನಿಂತಿತು.

ಸಂಯುಕ್ತಾಳಿಗೆ ಕೋಪ ಬರುತ್ತದೆಂದು ನೀರಜಾ ಕಾದಳು. ಬಂದದ್ದು ಕೋಪವಾಗಿರಲಿಲ್ಲ.

"ಆ ಕಡ್ಡಿ ಕೊಡಿ," ಎಂದಳು ಸಂಯುಕ್ತಾ. ಹತ್ತಿಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ಅವಳು ಪಶುವೈದ್ಯೆ. ವಾಸನೆಯಿಂದಲೇ ಅರ್ಧ ಕಾಯಿಲೆ ಹೇಳುವವಳು. "ಮೂಸಿ ನೋಡಿ ಅಕ್ಕ."

"ಯಾಕೆ?"

"ಮೂಸಿ."

ನೀರಜಾ ಮೂಸಿದಳು. ಎಣ್ಣೆ. ಮೆಷಿನ್ ಎಣ್ಣೆಯಲ್ಲ. ಸ್ವಲ್ಪ ಮಂದವಾದ, ಸ್ವಲ್ಪ ಕಮಟಾದ, ಎಳೆಯ ಮಕ್ಕಳ ನೆತ್ತಿಯ ವಾಸನೆ.

"ಹರಳೆಣ್ಣೆ," ಎಂದಳು ಸಂಯುಕ್ತಾ. "ನಮ್ಮಮ್ಮ ಹಚ್ಚೋದು ಒಣ ಕುಂಕುಮ. ಉದುರಿಹೋಗುತ್ತೆ. ಹರಳೆಣ್ಣೇಲಿ ಕಲಸಿ ಹಚ್ಚಿದ್ರೆ ಕಬ್ಬಿಣದ ಮೇಲೆ ವರ್ಷ ಇರುತ್ತೆ, ನಮ್ಮಜ್ಜಿ ಹಾಗೇ ಮಾಡ್ತಿದ್ರು ಅಂತ ಅವತ್ತು ಒಬ್ಬರು ಹೇಳಿದ್ರು. ಮನೆಯಿಂದ ಪುಟ್ಟ ಬಟ್ಟಲಲ್ಲಿ ತಂದಿದ್ರು."

ಶೆಡ್ಡಿನ ಹೊರಗೆ ಬ್ಲೋವರಿನ ಸದ್ದು ಮೊದಲಿಗಿಂತ ಹತ್ತಿರವಾಗಿತ್ತು. ನೀರಜಾ ಮತ್ತೊಮ್ಮೆ ಮೂಸಿದಳು. ಆ ಅಜ್ಜಿ ಅವಳ ಅಜ್ಜಿಯೇ. ಆ ಬಟ್ಟಲು ಅವಳದೇ.

"ಕುಂಕುಮ ಹಚ್ಚಿದ್ದು ನಾನೇ. ಅದರಲ್ಲೇನಿದೆ? ಎಲ್ಲದಕ್ಕೂ ಹಚ್ಚಿದೆ. ಡಬ್ಬಿಗೆ ಹಾಕಿದ್ದು..."

"ನಾನು ಇದನ್ನ ತೋರಿಸಬಾರದು ಅಂತಿದ್ದೆ. ಅನೀಶ್ ತೋರಿಸಬೇಡ ಅಂದಿದ್ರು," ಎಂದು ಸಂಯುಕ್ತಾ ಫೋನ್ ತೆಗೆದಳು.

ಅವರಿಬ್ಬರ ನಡುವೆ ತನಗೆ ಗೊತ್ತಿಲ್ಲದ ಮಾತೊಂದಿದೆ. ಅಂಥ ಹೊತ್ತಿನಲ್ಲೂ ನೀರಜಾಳ ಎದೆಗೆ ಮೊದಲು ಚುಚ್ಚಿದ್ದು ಅದೇ.

ಅದು ಲೀಲಾವತಿ ಆಂಟಿ ತೆಗೆದ ವಿಡಿಯೋ. ಈ ದೇಶದಲ್ಲಿ ಹಬ್ಬಗಳಿಗೆ ಶನಿವಾರ ಬರುವವರೆಗೂ ಕಾಯುವ ಅಭ್ಯಾಸ. ಹಾಗಾಗಿ ಕಳೆದ ವರ್ಷದ ಆಯುಧಪೂಜೆ ಒಂದು ದಿನ ತಡವಾಗಿ, ಶನಿವಾರ ಬಿದ್ದ ವಿಜಯದಶಮಿಯ ದಿನ ಇದೇ ಶೆಡ್ಡಿನಲ್ಲಿ ನಡೆದಿತ್ತು. ಟ್ರ್ಯಾಕ್ಟರಿಗೆ ಚೆಂಡುಹೂವಿನ ಮಾಲೆ, ಚಕ್ರದಡಿ ನಿಂಬೆಹಣ್ಣು. ಡಾಕ್ಟರು ಗಂಟೆ ಬಾರಿಸುತ್ತಿದ್ದರು. ಮುಂದುಗಡೆಯೇ, ಟ್ರ್ಯಾಕ್ಟರಿನ ಅಡಿಯಿಂದ ಎದ್ದುಬಂದ ಅನೀಶನ ಕೆನ್ನೆಗೆ ಗ್ರೀಸ್ ಮೆತ್ತಿತ್ತು. ಸಂಯುಕ್ತಾ ನಗುತ್ತ ತನ್ನ ಕರವಸ್ತ್ರದಿಂದ ಅದನ್ನು ಒರೆಸುತ್ತಿದ್ದಳು.

ಆ ಕರವಸ್ತ್ರ. ತಿಳಿ ಹಳದಿ, ಅಂಚಿಗೆ ನೀಲಿ ದಾರ. ಐದು ತಿಂಗಳಿಂದ ನೀರಜಾ ಅದನ್ನು ಮನಸ್ಸಿನಲ್ಲಿ ಮಡಿಸಿ ಬಿಚ್ಚಿ, ಬಿಚ್ಚಿ ಮಡಿಸಿ ಇಟ್ಟಿದ್ದಳು. ಪಾತ್ರೆ ತೊಳೆಯುವಾಗ, ರೈಲಿನಲ್ಲಿ ಕೂತಾಗ, ಅವನು ಪಕ್ಕದಲ್ಲಿ ಗೊರಕೆ ಹೊಡೆಯುವಾಗ.

"ಕರ್ಚೀಫ್ ನೋಡಬೇಡಿ. ಎಡಗಡೆ ಮೂಲೆ ನೋಡಿ," ಎಂದಳು ಸಂಯುಕ್ತಾ.

ಎಡಗಡೆ ಮೂಲೆಯಲ್ಲಿ ಹಸಿರು ರೇಷ್ಮೆ ಸೀರೆಯ ಹೆಂಗಸೊಬ್ಬಳಿದ್ದಳು. ಮುಂದೆ ಬೆಳ್ಳಿ ತಟ್ಟೆ. ತಟ್ಟೆಯಲ್ಲಿ ಎರಡೂ ಡಬ್ಬಿಗಳಿಂದ ತೆಗೆದು ಜೋಡಿಸಿದ ಬೋಲ್ಟುಗಳು, ಪ್ರತಿಯೊಂದರ ತಲೆಗೂ ಕೆಂಪು ಬೊಟ್ಟು. ಮಂಗಳಾರತಿ ಮುಗಿದಿತ್ತು. ಹೆಂಗಸು ತಟ್ಟೆಯನ್ನೆತ್ತಿ, ನಿಪ್ಪಟ್ಟಿನ ಡಬ್ಬಿಗೆ ಒರಗಿಸಿ, ಎಲ್ಲವನ್ನೂ ಒಂದೇ ಸಲಕ್ಕೆ ಸುರಿದು ಮುಚ್ಚಳ ಒತ್ತಿದಳು. ಒಂದು ಸಲವೂ ಕೈಯ ಕಡೆ ನೋಡಲಿಲ್ಲ. ಅವಳ ಕಣ್ಣು ನೆಟ್ಟಿದ್ದದ್ದು ಕರವಸ್ತ್ರದ ಮೇಲೆ.

ತನ್ನ ಆ ಮುಖವನ್ನು ನೀರಜಾ ನೋಡಿದ್ದು ಅದೇ ಮೊದಲು. ಹೊಟ್ಟೆಕಿಚ್ಚು ಇಷ್ಟು ನಿಚ್ಚಳವಾಗಿ ಹೊರಗೆ ಕಾಣುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಒರೆಸಿದ ಕರವಸ್ತ್ರದ ಅಂಚಿನ ದಾರದ ಬಣ್ಣ ನೆನಪಿದ್ದವಳಿಗೆ, ಅದೇ ಗಳಿಗೆಯಲ್ಲಿ ತನ್ನ ಕೈ ಏನು ಮಾಡುತ್ತಿತ್ತೆಂಬುದು ನೆನಪಿರಲಿಲ್ಲ. ಕಬ್ಬಿಣದ ಗಟ್ಟಿ ಮೆತ್ತಗೆ ಹೇಳುವುದೇ ಕಸುಬಾದವಳು ಗಟ್ಟಿಯನ್ನೂ ಮೆತ್ತಗನ್ನೂ ಒಂದೇ ಡಬ್ಬಿಗೆ ಸುರಿದಿದ್ದಳು.

"ಶುಕ್ರವಾರ ಸಾಯಂಕಾಲ ಅನೀಶ್ ಬಂದು ಬೋಲ್ಟ್ ನೋಡಿದ್ರು," ಎಂದಳು ಸಂಯುಕ್ತಾ. "ಬೆರಳಿಂದ ಮುಟ್ಟಿ ಮೂಸಿದ್ರು. ಆಮೇಲೆ ಅಲ್ಲೇ, ನೀವು ಕೂತಿದ್ದೀರಲ್ಲ ಅಲ್ಲೇ, ಕೂತುಬಿಟ್ರು. 'ನೀರಜಾಗೆ ಇದು ಗೊತ್ತಾಗಬಾರದು. ಅವಳು ತಡ್ಕೊಳ್ಳಲ್ಲ' ಅಂದ್ರು. ನಾನು ಬೇಡ ಅಂದೆ. ಕೇಳಲಿಲ್ಲ. ಇಲ್ಲಿಗೆ ಬಂದಾಗೆಲ್ಲ ನಿಮ್ಮ ವಿಷಯ ಬಿಟ್ಟು ಅವರಿಗೆ ಬೇರೆ ಮಾತೇ ಇರಲ್ಲ ಅಕ್ಕ. ಬೋರ್ ಆಗುತ್ತೆ ನನಗೆ."

ನೀರಜಾ ನೆಲದ ಮೇಲೆ ಕೂತೇ ಇದ್ದಳು. ಅಳು ಬರಲಿಲ್ಲ. ನಾಚಿಕೆ ಬಂತು, ಕಿವಿಯ ತುದಿವರೆಗೂ.

"ನಾನು ಹೇಳ್ತೀನಿ," ಎಂದಳು ಕೊನೆಗೆ. "ಎರಡು ಗಂಟೆಗೆ ಇನ್‌ಸ್ಪೆಕ್ಟರಿಗೆ ನಾನೇ ಹೇಳ್ತೀನಿ. ಆ ವಿಡಿಯೋ ಅಳಿಸಬೇಡ."

"ಸರಿ."

"ಆಂಟಿಗೂ ನಾನೇ ಹೇಳ್ತೀನಿ."

ಸಂಯುಕ್ತಾ ತಲೆಯಾಡಿಸಿ, ಕೈ ಕೊಟ್ಟು ಎಬ್ಬಿಸಿದಳು. ಆ ಕೈ ಬೆಚ್ಚಗಿತ್ತು. ನೀರಜಾ ಕೈ ಬಿಡಿಸಿಕೊಳ್ಳಲಿಲ್ಲ.

ಆದರೆ ಕಸುಬು ಕಸುಬೇ. ಎದ್ದು ನಿಂತವಳ ತಲೆ ತಾನಾಗಿಯೇ ಲೆಕ್ಕಕ್ಕಿಳಿಯಿತು. ನೀಲಿ ಡಬ್ಬಿಯಲ್ಲಿ ಇದ್ದದ್ದು ನಾಲ್ಕು. ಯಂತ್ರದಲ್ಲಿ ಸಿಕ್ಕಿಕೊಂಡದ್ದು ಒಂದು. ಉಳಿದ ಮೂರು ಇನ್ನೂ ಪಿನ್ನಿನ ಡಬ್ಬಿಯಲ್ಲೇ ಇರಬೇಕು. ಯಾರಾದರೂ ತಿಳಿಯದೆ ಮುಟ್ಟುವ ಮೊದಲು ತೆಗೆದಿಡಬೇಕು.

ನಿಪ್ಪಟ್ಟಿನ ಡಬ್ಬಿಯನ್ನು ಹಲಗೆಯ ಮೇಲೆ ಬೋರಲು ಹಾಕಿದಳು. ಏಳು ಬಿದ್ದವು. ಒಂದೊಂದರ ತಲೆಯನ್ನೂ ಹೆಬ್ಬೆರಳಿನಿಂದ ಒರೆಸಿ ಟಾರ್ಚಿಗೆ ಹಿಡಿದಳು. 8.8. 8.8. 10.9. 8.8. 8.8. 10.9. 8.8.

"ಎರಡೇ ಇದೆ," ಎಂದಳು. "ಇನ್ನೊಂದೆಲ್ಲಿ?"

"ಸರಿಯಾಗಿ ನೋಡಿ."

ಮತ್ತೆ ನೋಡಿದಳು. ಎರಡೇ.

"ಈ ಡಬ್ಬಿಯಿಂದ ಅಂಕಲ್ ಬಿಟ್ಟು ಬೇರೆ ಯಾರಾದ್ರೂ ತಗೊಂಡ್ರಾ ಸಂಯುಕ್ತಾ?"

ಸಂಯುಕ್ತಾ ಯೋಚಿಸಿದಳು. ಯೋಚಿಸುತ್ತಿದ್ದ ಹಾಗೆ ಅವಳ ಮುಖದ ಬಣ್ಣ ಇಳಿಯಿತು.

"ಗುರುವಾರ ಉಮೇಶ್ ಅಂಕಲ್ ಬಂದಿದ್ರು. ಅವರ ಬ್ಲೋವರ್ ಪಿನ್ ತುಂಡಾಗಿ, ಮನೇಲಿ ಬೇರೆ ಇರಲಿಲ್ಲ. ಎರಡು ಬೇಕು ಅಂದ್ರು. ನಾನೇ ಕೈ ಹಾಕಿ ಎರಡು ತೆಗೆದುಕೊಟ್ಟೆ."

ಉಮೇಶ ಸಾಫ್ಟ್‌ವೇರಿನವರು. ಬೋಲ್ಟಿನ ತಲೆಯ ಮೇಲೆ ಬರೆದಿರುತ್ತದೆಂಬುದೇ ಅವರಿಗೆ ಗೊತ್ತಿರಲಾರದು. ಒಂದನ್ನು ಹಾಕಿರುತ್ತಾರೆ, ಒಂದನ್ನು ಜೇಬಿನಲ್ಲಿಟ್ಟಿರುತ್ತಾರೆ. ಅನೀಶ್ ಎಲ್ಲವನ್ನೂ ನೋಡುವವನು, ನಿಜ. ಆದರೆ ಅವನು ಎರಡು ರಾತ್ರಿ ಮಲಗಿಲ್ಲ. ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕವಚ ಬೇರೆ ಇರುತ್ತದೆ. ಕೆಳಗಿನ ಊರಿನ ಯಂತ್ರವನ್ನು ಎರವಲು ತಂದವನು ಕವಚ ಬಿಚ್ಚಿ ಪಿನ್ನಿನ ತಲೆ ಓದುತ್ತಾನೆಯೇ?

ಹೊರಗೆ ಬ್ಲೋವರಿನ ಸದ್ದು ಏರುತ್ತಿತ್ತು. ಇಷ್ಟು ಹೊತ್ತು ಅವಳು ಹಲ್ಲು ಕಚ್ಚಿ ಕೇಳಿದ ಸದ್ದು ಅದೇ.

ಇಬ್ಬರೂ ಹೊರಗೋಡಿದರು. ಗೇಟಿನ ಬಳಿ ಹಿಮ ತೊಡೆಯವರೆಗಿತ್ತು, ಓಡಲಾಗಲಿಲ್ಲ. ಕೆಳಗೆ, ತಿರುವಿಗೆ ಇನ್ನು ಐವತ್ತು ಗಜವಿದೆ ಎನ್ನುವಲ್ಲಿ, ಬೇಲಿಗೋಡೆಯ ಮೇಲಿನಿಂದ ಹಿಮದ ಬಿಳಿ ಕಮಾನು ಚಿಮ್ಮುತ್ತ ಮೇಲೆ ಬರುತ್ತಿತ್ತು. ಟ್ರ್ಯಾಕ್ಟರ್ ಕಾಣುತ್ತಿರಲಿಲ್ಲ. ಅದರೊಳಗೆ ಕುತ್ತಿಗೆ ತಿರುಗಿಸಿ, ಹಿಂದಿನ ಗಾಜಿಗೆ ಮುಖ ಕೊಟ್ಟು ಕೂತವನೂ ಕಾಣುತ್ತಿರಲಿಲ್ಲ.

"ತಿರುವಲ್ಲಿ ಗೋಡೆ ಬಿದ್ದಿದೆ," ಎಂದಳು ನೀರಜಾ. "ಕಲ್ಲೆಲ್ಲ ಹಿಮದ ಕೆಳಗಿದೆ. ನಾನು ಬಿದ್ದೆ ಅಲ್ಲಿ."

"ಫೋನ್ ಮಾಡಿ."

ಫೋನ್ ಆರಿಸಿತ್ತು. ಗುಂಡಿ ಒತ್ತಿ ಹಿಡಿದಳು. ಬೆರಳು ಮರಗಟ್ಟಿ ಮಾತು ಕೇಳುತ್ತಿರಲಿಲ್ಲ. ಪರದೆ ಬೆಳಗಿತು. ಅನೀಶನ ಮೆಸೇಜೊಂದು ಕಾಯುತ್ತಿತ್ತು, ಇಪ್ಪತ್ತು ನಿಮಿಷದ ಹಿಂದಿನದು.

"ಕೆಳಗೆ ನಿನ್ನ ಕಾರು ನೋಡಿದೆ. ಮೇಲೆ ಹೋಗಿದೀಯ ಅಂತ ಗೊತ್ತಾಯ್ತು. ಮಂಡಿ ನೋವು ಇಟ್ಕೊಂಡು ಮತ್ತೆ ನಡ್ಕೊಂಡು ಇಳೀಬೇಡ. ಅಲ್ಲೇ ಇರು, ನಿನ್ನ ಹತ್ರಕ್ಕೆ ದಾರಿ ಮಾಡ್ಕೊಂಡು ಬರ್ತಾ ಇದ್ದೀನಿ."

ಹದಿನಾಲ್ಕು ವರ್ಷದಲ್ಲಿ ಅವಳಿಗೆ ಬಂದ ಅತಿ ಉದ್ದದ ಮೆಸೇಜು. ಅವಳು ಅದನ್ನು ಮುಗಿಸುವ ಮೊದಲೇ ಅವನ ನಂಬರು ಒತ್ತಿದಳು. ಗಂಟೆ ಹೋಗುತ್ತಿತ್ತು. ಆ ಎಂಜಿನ್ನಿನ ಸದ್ದಿನಲ್ಲಿ ಅವನಿಗದು ಕೇಳಿಸುವುದಿಲ್ಲ.

"ಅನೀಶ್," ಎಂದು ಕೂಗಿದಳು ನೀರಜಾ. "ನಿಲ್ಸು." ಪಕ್ಕದಲ್ಲಿ ಸಂಯುಕ್ತಾಳೂ ಕೂಗಿದಳು. ಗಾಳಿ ಎದುರಿನಿಂದ ಬೀಸುತ್ತಿತ್ತು. ಮಾತುಗಳು ಅವರ ಮುಖಕ್ಕೇ ವಾಪಸು ಬಂದವು.

ಬಿಳಿ ಕಮಾನು ತಿರುವಿಗೆ ಬಂತು.

ಎರಡರಲ್ಲಿ ಒಂದು ಸರಿಯಾದ ಪಿನ್ನು. ಉಮೇಶ ಹಾಕಿದ್ದು ಅದೇ ಆಗಿದ್ದರೆ ಈಗ ಟಕ್ಕೆಂದು ಒಂದು ಶಬ್ದ ಬರುತ್ತದೆ. ಆಮೇಲೆ ಎಂಜಿನ್ ಹಗುರಾಗುತ್ತದೆ, ಅನೀಶ್ ಗೊಣಗುತ್ತ ಇಳಿಯುತ್ತಾನೆ. ನೀರಜಾ ಉಸಿರು ಹಿಡಿದು ಆ ಶಬ್ದಕ್ಕೆ ಕಾದಳು. ಜೀವಮಾನದಲ್ಲಿ ಯಾವ ವಸ್ತುವೂ ಮುರಿಯಲೆಂದು ಅವಳು ಹೀಗೆ ಬೇಡಿಕೊಂಡಿರಲಿಲ್ಲ.

ಕಲ್ಲು ಸಿಕ್ಕಿತು. ಸದ್ದು ಒಮ್ಮೆಲೇ ದಪ್ಪಗಾಯಿತು, ನರಳಿತು. ಹಿಮದ ಕಮಾನು ನಡುವೆಯೇ ಕಡಿದುಬಿತ್ತು. ಎಂಜಿನ್ ಇನ್ನೂ ಒತ್ತುತ್ತಿತ್ತು, ಇನ್ನೂ ಒತ್ತುತ್ತಿತ್ತು.

ಟಕ್ಕೆನ್ನಲಿಲ್ಲ.